ಗಾಂಜಾ ಕೇಸಿನಲ್ಲಿ ವಕೀಲರು ಪೊಟ್ಟಣವನ್ನೇ ಯಾಕೆ ಹಿಡಿಯುತ್ತಾರೆ

ಗಾಂಜಾ ಕೇಸಿನ ಪಾಟೀ ಸವಾಲನ್ನು ಒಮ್ಮೆಯಾದರೂ ಕೂತು ಕೇಳಬೇಕು. ಆರೋಪಿ ಒಳ್ಳೆಯವನೋ ಕೆಟ್ಟವನೋ ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಮೇಜಿನ ಮೇಲೆ ಮುದ್ದೆಮಾಲು ಇರುತ್ತದೆ: ಬಿಳಿ ಬಟ್ಟೆಯಲ್ಲಿ ಹೊಲಿದ ಪೊಟ್ಟಣ, ದಾರದ ಗಂಟಿನ ಮೇಲೆ ಅರಗು, ಅರಗಿನ ಮೇಲೆ ಒಂದು ಇಂಗ್ಲಿಷ್ ಅಕ್ಷರ. ವಕೀಲರ ಪ್ರಶ್ನೆಗಳೆಲ್ಲ ಅದರ ಸುತ್ತಲೇ. ‘ಸೀಲು ಹಾಕಿದ ಮ್ಯಾಲೆ ಆ ಮುದ್ರೆ ಯಾರ ಹತ್ರ ಇತ್ರಿ?’ ‘ತಕ್ಕಡಿ ಎಲ್ಲಿಂದ ತಂದ್ರಿ? ಕಿರಾಣಿ ಅಂಗಡೀದಾ? ಅಂಗಡಿಯವನ ಹೇಳಿಕೆ ತಗೊಂಡೀರೇನು?’ ‘ಪಂಚನಾಮಾ ಬರಿಯೂ ಮುಂದನ ಅಪರಾಧ ನಂಬರ್ ಚೀಟಿ ಮ್ಯಾಲೆ ಹೆಂಗ ಬಂತು?’

ಹಿಂದೆ ಕೂತವರಿಗೆ ಇದು ಕೂದಲು ಸೀಳುವ ಕೆಲಸದಂತೆ ಕಾಣುತ್ತದೆ. ಹೀಗೆ ಬಿಡುಗಡೆಯಾದರೆ ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ‘ಟೆಕ್ನಿಕಲ್ ಪಾಯಿಂಟ್ ಮ್ಯಾಲೆ ಪಾರಾದ’ ಅನ್ನುತ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈ ಕೇಸುಗಳು ದಾಖಲಾಗುವ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕವಸ್ತು ತಡೆಯುವ ಕೇಂದ್ರ ಕಾಯ್ದೆ, ಬಂದ ದಾರಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಆರೋಪಿಯ ಕೈಯಿಂದ ಉಳಿದೆಲ್ಲ ವಾದಗಳನ್ನು ಒಂದೊಂದಾಗಿ ಕಸಿದುಕೊಂಡಿದ್ದು ಕಾಯ್ದೆಯೇ. ಕೊನೆಗೆ ಉಳಿದದ್ದು ಪೊಟ್ಟಣ.

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಬ್ರಿಟಿಷರ ಕಾಲದಲ್ಲಿ ಗಾಂಜಾ ಅಬಕಾರಿ ಬಾಬತ್ತು: 1878ರ ಮುಂಬಯಿ ಅಬಕಾರಿ ಕಾಯ್ದೆಯಡಿ ಸುಂಕ, ಲೈಸೆನ್ಸು, ಅಂಗಡಿ. ಲೈಸೆನ್ಸಿಲ್ಲದೆ ಮಾರಿದರೆ ಅದು ಸರಕಾರದ ಉತ್ಪನ್ನಕ್ಕೆ ಮಾಡಿದ ಮೋಸವಾಗಿತ್ತು, ಸಮಾಜಕ್ಕೆ ಬಗೆದ ದ್ರೋಹ ಎಂಬ ಭಾವನೆ ಇರಲಿಲ್ಲ. ಭಾರತದಲ್ಲಿ ಗಾಂಜಾದಿಂದ ಜನ ಹಾಳಾಗುತ್ತಿದ್ದಾರೆಂದು ಲಂಡನ್ನಿನ ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ 1893ರಲ್ಲಿ ಒಂದು ಆಯೋಗ ಕೂತಿತು. ಸಾವಿರಕ್ಕೂ ಹೆಚ್ಚು ಜನರ ಹೇಳಿಕೆ ಪಡೆದು ಮರುವರ್ಷ ಅದು ಕೊಟ್ಟ ವರದಿಯ ತಿರುಳು ಇಷ್ಟು: ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಕಿಲ್ಲ, ತೆರಿಗೆ ಹಾಕಿ ಹತೋಟಿಯಲ್ಲಿಡಿ. 1930ರಲ್ಲಿ ಅಪಾಯಕಾರಿ ಮಾದಕವಸ್ತು ಕಾಯ್ದೆ ಬಂತು. ಅದರಲ್ಲೂ ಗರಿಷ್ಠ ಶಿಕ್ಷೆ ಮೂರು ವರ್ಷ, ಮತ್ತೆ ಸಿಕ್ಕಿಬಿದ್ದರೆ ನಾಲ್ಕು.

ದೊಡ್ಡ ತಿರುವು ಬಂದದ್ದು ಹೊರಗಿನಿಂದ. 1961ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾವನ್ನು ಅಫೀಮು, ಹೆರಾಯಿನ್ ಜೊತೆ ಒಂದೇ ಸಾಲಿಗೆ ತಂದಿತು. ಸಾಂಪ್ರದಾಯಿಕ ಬಳಕೆ ನಿಲ್ಲಿಸಲು ಭಾರತದಂಥ ದೇಶಗಳಿಗೆ 25 ವರ್ಷಗಳ ಗಡುವು ಸಿಕ್ಕಿತು. ಒಪ್ಪಂದದ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ಅಥವಾ ಕಾಯಿಯ ತುದಿ ಮಾತ್ರ. ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರೊಳಗೆ ಬರುವುದಿಲ್ಲ. ಭಂಗಿ ಉಳಿದದ್ದು ಆ ಒಂದು ಸಾಲಿನಿಂದ. ರಂಗಪಂಚಮಿಯ ದಿನ ಹುಬ್ಬಳ್ಳಿಯಲ್ಲಿ ಬಣ್ಣ ಆಡಿ ಭಂಗಿಯ ಲೋಟ ಎತ್ತುವವನಿಗೆ ಇದು ಗೊತ್ತಿರಲಿಕ್ಕಿಲ್ಲ. ಎಲೆಯಿಂದಷ್ಟೇ ಮಾಡಿದ ಭಂಗಿ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂಬ ನೆಲೆಯಲ್ಲಿ 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ಕೊಟ್ಟಿದೆ. ಹಾಗಂತ ಭಂಗಿ ಪೂರ್ತಿ ಬಿಟ್ಟಿ ಅಲ್ಲ, ರಾಜ್ಯದ ಅಬಕಾರಿ ಕಾಯ್ದೆ ಅದನ್ನು ಬೇರೆಯಾಗಿ ನೋಡಿಕೊಳ್ಳುತ್ತದೆ.

ಎನ್‌ಡಿಪಿಎಸ್ ಮಸೂದೆ ಲೋಕಸಭೆಗೆ ಬಂದದ್ದು 1985ರ ಆಗಸ್ಟ್‌ನಲ್ಲಿ. ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿ ಅಂಕಿತ, ನವೆಂಬರ್ 14ಕ್ಕೆ ಜಾರಿ. ನೂರು ವರ್ಷ ತೆರಿಗೆ ಕಟ್ಟಿಸಿಕೊಂಡ ವಸ್ತು ಮೂರು ತಿಂಗಳೊಳಗೆ ಕಡು ಅಪರಾಧವಾಯಿತು. ಗಾಂಜಾಕ್ಕೆ ಐದು ವರ್ಷದವರೆಗೆ ಶಿಕ್ಷೆ. ಅದೇ ಗಿಡದ ಅಂಟಾದ ಚರಸ್ ಆದರೆ ಕನಿಷ್ಠ ಹತ್ತು ವರ್ಷ! ಸ್ವಂತ ಬಳಕೆಗೆ ತುಸು ಇಟ್ಟುಕೊಂಡವರಿಗೆ ಕಡಿಮೆ ಶಿಕ್ಷೆಯ ಅವಕಾಶವಿತ್ತು, ಆದರೆ ಅದು ಸ್ವಂತಕ್ಕೇ ಎಂದು ಆರೋಪಿಯೇ ತೋರಿಸಬೇಕಿತ್ತು. 1989ರ ತಿದ್ದುಪಡಿ ಇನ್ನೂ ಬಿಗಿ ಮಾಡಿತು. ಜಾಮೀನು ಕೊಡುವ ಮೊದಲೇ ‘ಇವನು ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ, ಹೊರಬಂದರೆ ಮತ್ತೆ ಇದೇ ಕೆಲಸಕ್ಕೆ ಇಳಿಯುವುದಿಲ್ಲ’ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಅದು ಕಲಂ 37. ವಿಚಾರಣೆ ಮುಗಿದ ಮೇಲೆ ಹೇಳಬೇಕಾದ್ದನ್ನು ಮೊದಲೇ ಹೇಳು ಅಂದ ಹಾಗೆ.

ಇದರ ಜೊತೆಗೆ ಕಲಂ 35 ಮತ್ತು 54. ಮಾಲು ನಿನ್ನ ಹತ್ತಿರ ಸಿಕ್ಕಿತೆಂದರೆ ಅದು ನಿನಗೆ ಗೊತ್ತಿದ್ದೇ ಇತ್ತು ಎಂದು ಕೋರ್ಟ್ ಭಾವಿಸುತ್ತದೆ, ಅಲ್ಲ ಎಂದು ತೋರಿಸುವ ಹೊರೆ ನಿನ್ನದು. ಬೇರೆ ಕೇಸುಗಳಲ್ಲಿ ಸರಕಾರಿ ವಕೀಲರ ಹೆಗಲ ಮೇಲಿರುವ ಭಾರ ಇಲ್ಲಿ ಅರ್ಧ ದಾರಿಗೇ ಆರೋಪಿಯ ಹೆಗಲಿಗೆ ಬರುತ್ತದೆ. 2008ರಲ್ಲಿ ನೂರ್ ಆಗಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮುಗಳನ್ನು ಉಳಿಸಿಕೊಂಡಿತು, ಆದರೆ ಒಂದು ಷರತ್ತು ಹಾಕಿತು. ಮಾಲು ಸಿಕ್ಕಿತು, ಇವನ ಹತ್ತಿರವೇ ಸಿಕ್ಕಿತು, ಸಿಕ್ಕಿದ್ದೇ ಪ್ರಯೋಗಾಲಯಕ್ಕೆ ಹೋಯಿತು ಎಂಬ ಮೂಲ ಸಂಗತಿಗಳನ್ನು ಮೊದಲು ಪೊಲೀಸರು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ವಕೀಲರು ಅರಗು, ದಾರ, ತಕ್ಕಡಿ ಅಂತ ಕೂರುವುದು ಇದಕ್ಕೇ.

ಕಾಯ್ದೆಯೊಳಗೇ ಇದ್ದ ಒಂದಿಷ್ಟು ಕಟ್ಟಳೆಗಳಿಗೆ ಜೀವ ಬಂದದ್ದು 90ರ ದಶಕದಲ್ಲಿ. ಅವುಗಳಲ್ಲಿ ಕಲಂ 50ರ ಹೆಸರು ನಮ್ಮ ಕಡೆಯ ಆರೋಪಿಗಳ ಮನೆಯವರಿಗೂ ಬಾಯಿಪಾಠ. ಒಬ್ಬನ ಮೈ ಶೋಧಿಸುವ ಮೊದಲು ‘ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಎದುರು ಶೋಧಿಸಿಕೊಳ್ಳುವ ಹಕ್ಕು ನಿನಗಿದೆ’ ಎಂದು ಪೊಲೀಸರು ಅವನಿಗೆ ತಿಳಿಸಬೇಕು. 1994ರಲ್ಲಿ ಸುಪ್ರೀಂ ಕೋರ್ಟಿನ ಬಲಬೀರ್ ಸಿಂಗ್ ತೀರ್ಪು, 1999ರಲ್ಲಿ ಐದು ನ್ಯಾಯಮೂರ್ತಿಗಳ ಪೀಠದ ಬಲದೇವ್ ಸಿಂಗ್ ತೀರ್ಪು ಇದು ಬಿಡಲಾಗದ ಕರ್ತವ್ಯ ಅಂದವು. ಶಿಕ್ಷೆ ಎಷ್ಟು ಘೋರವೋ ಎಚ್ಚರಿಕೆಯೂ ಅಷ್ಟೇ ಇರಬೇಕು ಎಂಬುದು ಆ ತೀರ್ಪಿನ ಧಾಟಿ. 2010ರಲ್ಲಿ ಇನ್ನೊಂದು ಸಂವಿಧಾನ ಪೀಠ ಇದನ್ನು ಅಕ್ಷರಶಃ ಪಾಲಿಸಬೇಕು ಎಂದಿತು. 2014ರಲ್ಲಿ, ಇಬ್ಬರಿಗೆ ಸೇರಿಸಿ ಒಂದೇ ನೋಟಿಸು ಕೊಟ್ಟರೆ ನಡೆಯದು ಎಂದೂ ಆಯಿತು.

ಇಲ್ಲೊಂದು ಗುಂಡಿಯಿದೆ. ಎಷ್ಟೋ ಜನ ಇದರಲ್ಲಿ ಬೀಳುತ್ತಾರೆ. ಕಲಂ 50 ಮೈಗೆ ಮಾತ್ರ, ಚೀಲಕ್ಕಲ್ಲ. 2005ರಲ್ಲೇ ಇದನ್ನು ಹೇಳಲಾಗಿತ್ತು, 2023ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಖಚಿತ ಮಾಡಿತು. ಹೆಗಲಿಗೆ ನೇತುಹಾಕಿಕೊಂಡ ಬ್ಯಾಗಾದರೂ ಅದು ಶರೀರದ ಭಾಗವಲ್ಲ. ನೋಟಿಸು ಕೊಟ್ಟಿಲ್ಲ ಎಂಬ ಒಂದೇ ಎಳೆ ಹಿಡಿದು ಚೀಲದ ಕೇಸು ನಡೆಸುವವರು ನೀರಿನ ಮೇಲೆ ಬರೆಯುತ್ತಿರುತ್ತಾರೆ.

ನಮ್ಮಲ್ಲಿ ಚೀಲದ ಕೇಸುಗಳು ಬರುವುದು ಬಹಳ ಮಟ್ಟಿಗೆ ರೈಲಿನ ಹಾದಿಯಲ್ಲಿ. ಒಡಿಶಾ–ಆಂಧ್ರ ಗಡಿಯ ಗುಡ್ಡಗಳಲ್ಲಿ ಬೆಳೆದ ಮಾಲಿಗೆ ಪಶ್ಚಿಮಕ್ಕೆ ಬರಲು ಗುಂತಕಲ್, ಬಳ್ಳಾರಿ, ಗದಗ, ಹುಬ್ಬಳ್ಳಿ ಸರಳ ದಾರಿ. ಜನರಲ್ ಬೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಮೇಲೆ ಆರು ಜನ ಕೂತಿದ್ದಾರೆ, ಕೆಳಗೆ ಕಾಲು ಚಾಚಿ ಮೂವರು. ಪೊಲೀಸರು ‘ಯಾರದಿದು?’ ಅಂದರೆ ಯಾರೂ ಮಾತಾಡುವುದಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದ ಹುಡುಗನನ್ನು ಇಳಿಸಿಕೊಳ್ಳುತ್ತಾರೆ. ಇಲ್ಲಿ ವಾದ ನಿಲ್ಲುವುದು ಅರಿವಿನ ಸ್ವಾಧೀನದ ಮೇಲೆ. ಚೀಲ ಅವನ ಹತೋಟಿಯಲ್ಲಿತ್ತೇ, ಒಳಗೇನಿದೆ ಎಂಬುದು ಅವನಿಗೆ ಗೊತ್ತಿತ್ತೇ? ಚೀಲದಲ್ಲಿ ಅವನ ಬಟ್ಟೆ, ಆಧಾರ್ ಕಾರ್ಡು ಇತ್ತೇ? ಟಿಕೆಟ್ ಎಲ್ಲಿಂದ ಎಲ್ಲಿಗೆ? ಪಕ್ಕದಲ್ಲಿ ಕೂತಿದ್ದ ಒಬ್ಬನನ್ನಾದರೂ ಸಾಕ್ಷಿ ಮಾಡಿದ್ದಾರೆಯೇ, ಅಥವಾ ಪಂಚರಿಬ್ಬರೂ ಠಾಣೆಯ ಖಾಯಂ ಗಿರಾಕಿಗಳೇ? 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಡಿ ಶೋಧ, ಜಪ್ತಿಯನ್ನು ವಿಡಿಯೋ ಮಾಡಬೇಕಾಗಿರುವುದರಿಂದ ಈಗ ವಕೀಲರು ಮೊದಲು ಕೇಳುವುದು ಆ ವಿಡಿಯೋ.

‘ನಂದೇ ಅಂತ ಒಪ್ಪಿಕೊಂಡಾನ’ ಎಂಬ ಹೇಳಿಕೆಗೂ ಈಗ ಮೊದಲಿನ ತೂಕವಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಎಂದೂ ನಡೆಯುತ್ತಿರಲಿಲ್ಲ. ಆದರೆ ಮಾದಕವಸ್ತು ಹಿಡಿಯುವ ಬೇರೆ ಇಲಾಖೆಗಳ ಅಧಿಕಾರಿಗಳು ‘ನಾವು ಪೊಲೀಸರಲ್ಲ’ ಎನ್ನುತ್ತ ಕಲಂ 67ರಡಿ ಬರೆಸಿಕೊಂಡ ಹೇಳಿಕೆಯ ಮೇಲೆ ಶಿಕ್ಷೆ ಕೊಡಿಸುತ್ತಿದ್ದರು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ತೂಫಾನ್ ಸಿಂಗ್ ತೀರ್ಪು, ಇಬ್ಬರು ನ್ಯಾಯಮೂರ್ತಿಗಳು ಒಪ್ಪಿ ಒಬ್ಬರು ಒಪ್ಪದೆ, ಆ ಬಾಗಿಲು ಮುಚ್ಚಿತು.

ತೂಕದ ಲೆಕ್ಕ ಶುರುವಾದದ್ದು 2001ರಲ್ಲಿ. ಅಲ್ಲಿಯವರೆಗೆ ಸೇದುವವನನ್ನೂ ಸಾಗಿಸುವವನನ್ನೂ ಕಾಯ್ದೆ ಸರಿಯಾಗಿ ಬೇರ್ಪಡಿಸಿರಲಿಲ್ಲ. ಈಗ ಗಾಂಜಾ ಒಂದು ಕಿಲೋವರೆಗೆ ‘ಅಲ್ಪ ಪ್ರಮಾಣ’: ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’: ಹತ್ತರಿಂದ ಇಪ್ಪತ್ತು ವರ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ. ಚರಸ್‌ಗೆ ಗೆರೆಗಳು 100 ಗ್ರಾಂ, 1 ಕಿಲೋ. ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತು ಆದರೆ ಅರ್ಧ ಗ್ರಾಂ, 10 ಗ್ರಾಂ. ಕಲಂ 37ರ ಕಬ್ಬಿಣದ ಬಾಗಿಲು ಮುಖ್ಯವಾಗಿ ವಾಣಿಜ್ಯ ಪ್ರಮಾಣದವರಿಗೆ. ಹೀಗಾಗಿ 19 ಕಿಲೋದವನು ಮಾಮೂಲಿನಂತೆ ಜಾಮೀನು ಕೇಳಬಹುದು, 21 ಕಿಲೋದವನು ವರ್ಷಗಟ್ಟಲೆ ಒಳಗೆ. ಪೊಲೀಸ್ ಪ್ರಕಟಣೆಯಲ್ಲಿ ಬಂದ ತೂಕವನ್ನು ನಾವು ಪತ್ರಿಕೆಯವರು ಹಾಗೇ ಅಚ್ಚು ಹಾಕುತ್ತೇವೆ. ಚೀಲದ ಭಾರ ಕಳೆದಿದ್ದಾರೋ, ಒದ್ದೆಯಿತ್ತೋ ಒಣಗಿತ್ತೋ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆ ಹೊಲದಲ್ಲಿ ಇನ್ನಷ್ಟು ಸಿಕ್ಕಾಗುತ್ತದೆ. ಹಾವೇರಿ ಸೀಮೆಯ ಗೋವಿನಜೋಳ, ಹತ್ತಿ, ಮೆಣಸಿನ ನಡುವೆ ನಾಲ್ಕು ಗಾಂಜಾ ಗಿಡ ಸಿಕ್ಕವು ಎನ್ನಿ. ಕಿತ್ತು, ಬೇರು, ಕಾಂಡ, ಎಲೆ, ಅಂಟಿದ ಎರೆಮಣ್ಣು ಎಲ್ಲ ಸೇರಿಸಿ ತೂಗಿದರೆ ಮುಳ್ಳು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ತುದಿ. ಇಡೀ ಗಿಡದ ತೂಕ ತೋರಿಸಿ ವಾಣಿಜ್ಯ ಪ್ರಮಾಣ ಎಂದಾಗ ಹೈಕೋರ್ಟ್‌ಗಳು ಒಪ್ಪದೆ ಜಾಮೀನು ಕೊಟ್ಟದ್ದಿದೆ. ಆದರೆ ಗಿಡ ಬೆಳೆಸಿದ್ದೇ ಬೇರೆ ಅಪರಾಧ, ಹತ್ತು ವರ್ಷದವರೆಗಿನದು, ಅದಕ್ಕೆ ತೂಕದ ಮೆಟ್ಟಿಲುಗಳಿಲ್ಲ. ಆಗ ಪ್ರಶ್ನೆ ಬೇರೆ: ಪಹಣಿಯಲ್ಲಿ ಅಪ್ಪನ ಹೆಸರು, ಉಳುವವನು ಲಾವಣಿಗೆ ಹಿಡಿದವನು. ಹಾಗಾದರೆ ಬೆಳೆಸಿದವನು ಯಾರು?

ಮತ್ತೆ ಪೊಟ್ಟಣಕ್ಕೆ ಬರೋಣ. 1989ರ ಒಂದು ಸ್ಥಾಯಿ ಆದೇಶದ ಪ್ರಕಾರ ಜಪ್ತಿ ಮಾಡಿದ ಜಾಗದಲ್ಲೇ ಗಾಂಜಾದ 24 ಗ್ರಾಮಿನ ಎರಡು ಮಾದರಿ ತೆಗೆದು ಸೀಲು ಹಾಕುತ್ತಿದ್ದರು, 72 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. 2016ರ ಮೋಹನಲಾಲ್ ತೀರ್ಪು ಇದನ್ನು ತಿರುಗಿಸಿ ಹಾಕಿತು: ಕಲಂ 52ಎ ಪ್ರಕಾರ ಮಾದರಿ ತೆಗೆಯಬೇಕಾದದ್ದು ಮ್ಯಾಜಿಸ್ಟ್ರೇಟರ ಎದುರು. 2022ರ ಡಿಸೆಂಬರ್‌ನಲ್ಲಿ ಇದೇ ನಿಯಮವಾಯಿತು. ನಡುವಿನ ವರ್ಷಗಳಲ್ಲಿ ಹಳೇ ರೂಢಿಯಲ್ಲೇ ತೆಗೆದ ಮಾದರಿಗಳ ಮೇಲೆ ಎಷ್ಟೋ ಕೇಸು ಬಿದ್ದುಹೋದವು, 2023ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ಅಂಥ ಬಿಡುಗಡೆಗಳಾದವು. ಇದು ಬಹಳ ದಿನ ನಡೆಯಲಿಲ್ಲ. 2025ರ ಜನವರಿಯಲ್ಲಿ ಅದೇ ಕೋರ್ಟು, ಬರೀ 52ಎ ಲೋಪದಿಂದ ಇಡೀ ಕೇಸು ಸಾಯುವುದಿಲ್ಲ, ಉಳಿದ ಸಾಕ್ಷ್ಯ ನಂಬಿಕೆ ಹುಟ್ಟಿಸುತ್ತದೆಯೇ ನೋಡಿ ಎಂದಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತಗೊಂಡ ಹಾಗೆ ಎಂದು ವಕೀಲರು ಗೊಣಗಿದರೆ ತಪ್ಪೆನಿಸದು.

ಜಾಮೀನಿನ ಕಥೆಯಲ್ಲಿ ನಮ್ಮ ಭಾಗಕ್ಕೆ ಒಂದು ಸಮಾಧಾನವಿದೆ. 2008ರವರೆಗೆ ಹೈಕೋರ್ಟ್ ಎಂದರೆ ಬೆಂಗಳೂರು: ರಾತ್ರಿ ಬಸ್ಸು, ಲಾಡ್ಜು, ವಕೀಲರ ಫೀ, ಮತ್ತೆ ತಾರೀಖು. ಆ ವರ್ಷ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಖಾಯಂ ಆಯಿತು. ಈಗ ಗದಗಿನ ತಾಯಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು ಸಂಜೆಗೆ ಮನೆ ಸೇರಬಹುದು. 37ರ ಬಾಗಿಲೂ ತುಸು ಸಡಿಲವಾಗಿದೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಆ ಕಲಮು ಜಾಮೀನಿಗೆ ಅಡ್ಡ ಬಾರದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳುವ ಹಕ್ಕಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಸಾಕು.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಚಿಕ್ಕ ಕೇಸುಗಳು. ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವ ಹುಡುಗ, ಜೇಬಿನಲ್ಲಿ ಹತ್ತು ಗ್ರಾಂ, ಇಲ್ಲವೇ ಬರೀ ಮೂತ್ರ ಪರೀಕ್ಷೆಯ ವರದಿ. ಗಾಂಜಾದ ಕುರುಹು ಮೂತ್ರದಲ್ಲಿ ದಿನಗಟ್ಟಲೆ, ಚಟವಿದ್ದವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಎಂದು, ಎಲ್ಲಿ ಸೇದಿದ ಎಂಬುದನ್ನು ಆ ವರದಿ ಹೇಳುವುದಿಲ್ಲ, ವಾದಕ್ಕೆ ಅಲ್ಲಿ ಜಾಗವಿದೆ. ಆದರೆ ವಾದದವರೆಗೆ ಹೋಗುವವರು ಯಾರು? ‘ಒಪ್ಪಿಕೊಂಡು ದಂಡ ಕಟ್ಟಿ ಮುಗಿಸ್ರೀ, ಯಾಕ ಅಡ್ಡಾಡ್ತೀರಿ’ ಎಂದು ಯಾರೋ ಹೇಳುತ್ತಾರೆ. ಊರಿಂದ ಬಂದ ಅಪ್ಪ ಮರ್ಯಾದೆಗೆ ಅಂಜಿ ತಲೆಯಾಡಿಸುತ್ತಾನೆ. ದಂಡ ಕಟ್ಟಿದ್ದು ಶಿಕ್ಷೆಯೇ, ಹುಡುಗ ಅಪರಾಧಿಯೆಂದು ದಾಖಲಾದ ಎಂಬುದು ತಿಳಿಯುವುದು ಮುಂದೆ ಸರಕಾರಿ ನೌಕರಿಗೋ ಪಾಸ್‌ಪೋರ್ಟಿಗೋ ಪೊಲೀಸ್ ಪರಿಶೀಲನೆ ಬಂದಾಗ.

ಇಂಥವರಿಗೆಂದೇ ಕಾಯ್ದೆಯಲ್ಲಿ ಕಲಂ 64ಎ ಇದೆ. ಅಲ್ಪ ಪ್ರಮಾಣದ ಇಲ್ಲವೇ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಆ ಆರೋಪದ ಮೇಲೆ ವಿಚಾರಣೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಯಾರೂ ಕೈಗಿಡುವುದಿಲ್ಲ. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ ಊರೊಳಗೇ ಇದೆ. ಆರೋಪಿಯ ಅಪ್ಪ ಮಾತ್ರ ಕೋರ್ಟಿನ ದಂಡದ ಕೌಂಟರಿನ ಮುಂದೆ ರಸೀದಿಗೆ ಕಾಯುತ್ತ ನಿಂತಿರುತ್ತಾನೆ.