ಗೆಲ್ಲಿಸಿದ ಗುಣವೇ ಸೋಲಿಸುವುದು ಹೇಗೆ?

ಓದುಗರ ಪ್ರಶ್ನೆ: ಒಬ್ಬ ಫುಟ್‌ಬಾಲ್ ಮ್ಯಾನೇಜರ್ ಬಂದು ತಂಡವನ್ನು ಮೇಲೆತ್ತುತ್ತಾನೆ. ಎಲ್ಲರೂ ಹೊಗಳುತ್ತಾರೆ. ಎರಡು ವರ್ಷ ಕಳೆದ ಮೇಲೆ ಅವನೇ, ಅದೇ ರೀತಿ ಆಡಿಸಿ ಸೋಲುತ್ತಾನೆ. ಅವನ ಬುದ್ಧಿ ಎಲ್ಲಿ ಹೋಯಿತು?

ಬಳ್ಳಾರಿಯಲ್ಲಿ ರಾತ್ರಿ ನಿದ್ದೆಗೆಟ್ಟು ಮ್ಯಾಚ್ ನೋಡುವ ಹುಡುಗರು ಮಾರನೇ ದಿನ ಒಗ್ಗರಣೆ-ಮಿರ್ಚಿ ಅಂಗಡಿ ಮುಂದೆ ನಿಂತು ಕೇಳುವುದೂ ಇದನ್ನೇ. ನನ್ನ ಉತ್ತರ ಇಷ್ಟು. ಬುದ್ಧಿ ಎಲ್ಲಿಗೂ ಹೋಗಿರುವುದಿಲ್ಲ. ಅವನು ಇದ್ದ ಹಾಗೇ ಇರುತ್ತಾನೆ, ಸುತ್ತಲಿನದು ಬದಲಾಗಿರುತ್ತದೆ.

ನಮ್ಮ ಎರೆಹೊಲವನ್ನೇ ನೋಡಿ. ನೀರು ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಮಳೆ ಕೈಕೊಟ್ಟ ವರ್ಷ ಹಿಂಗಾರಿ ಜೋಳವನ್ನು ಉಳಿಸುವುದು ಅದೇ. ಮಳೆ ಬಿಡದೆ ಹೊಡೆದ ವರ್ಷ ಮೆಣಸಿನಗಿಡದ ಬೇರು ಕೊಳೆಸುವುದೂ ಅದೇ. ಮಣ್ಣು ಒಂದಿಷ್ಟೂ ಬದಲಾಗಿರುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2018ರಲ್ಲಿ ಅವರು ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್‌ಗೆ ಬಂದಾಗ ಆ ತಂಡ ಎರಡನೇ ದರ್ಜೆಯಲ್ಲಿ ಒದ್ದಾಡುತ್ತಿತ್ತು. 2020ರಲ್ಲಿ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಏರಿತು, 16 ವರ್ಷದ ನಂತರ. ಮೊದಲ ಸೀಸನ್‌ನಲ್ಲೇ 59 ಪಾಯಿಂಟ್, 9ನೇ ಸ್ಥಾನ. ಅವರ ಪದ್ಧತಿ ಹೇಳುವುದಕ್ಕೆ ಸುಲಭ, ಆಡುವುದಕ್ಕೆ ಕಷ್ಟ. ಎದುರಾಳಿ ತಂಡದ ಒಬ್ಬೊಬ್ಬನಿಗೆ ನಮ್ಮವನು ಒಬ್ಬ. ಅವನು ಎಲ್ಲಿಗೆ ಹೋದರೆ ಇವನೂ ಅಲ್ಲಿಗೆ. ಇಡೀ ಮೈದಾನ, ತೊಂಬತ್ತು ನಿಮಿಷ. ಇದಕ್ಕೆ ಸಿಕ್ಕಾಪಟ್ಟೆ ಓಡಬೇಕು, ಪ್ರತಿಯೊಬ್ಬನಿಗೂ ತನ್ನ ಕೆಲಸ ಬಾಯಿಪಾಠ ಆಗಿರಬೇಕು. ಅದಕ್ಕೇ ಬಿಯೆಲ್ಸಾ ತಂಡವನ್ನು ಚಿಕ್ಕದಾಗಿಯೇ ಇಟ್ಟುಕೊಳ್ಳುತ್ತಿದ್ದರು. ಆಟಗಾರರು ಕಡಿಮೆ ಇದ್ದಷ್ಟೂ ಕಲಿಸಿದ್ದು ಗಟ್ಟಿಯಾಗುತ್ತದೆ, ಅಲ್ವಾ?

ಮುಂದಿನ ಸೀಸನ್‌ನಲ್ಲಿ ಕ್ಯಾಲ್ವಿನ್ ಫಿಲಿಪ್ಸ್, ಲಿಯಾಮ್ ಕೂಪರ್, ಪ್ಯಾಟ್ರಿಕ್ ಬ್ಯಾಮ್‌ಫರ್ಡ್ ಮೂವರೂ ಗಾಯಗೊಂಡು ಹೊರಗೆ ಕೂತರು. ಚಿಕ್ಕ ತಂಡ, ಬದಲಿಗೆ ಜನ ಇಲ್ಲ. ಒಬ್ಬರಿಗೊಬ್ಬರು ಆಡುವಾಗ ನಮ್ಮ ಒಬ್ಬನನ್ನು ಎದುರಾಳಿ ದಾಟಿ ಹೋದರೆ ಹಿಂದೆ ತಡೆಯಲು ಯಾರೂ ಇರುವುದಿಲ್ಲ, ಬಾಗಿಲು ತೆರೆದ ಹಾಗೆ. ಆ ಹೊತ್ತಿಗೆ ಎದುರಾಳಿಗಳಿಗೂ ಈ ಗುಟ್ಟು ಗೊತ್ತಾಗಿತ್ತು. 2022ರ ಫೆಬ್ರುವರಿಯಲ್ಲಿ ಐದು ಲೀಗ್ ಪಂದ್ಯಗಳಲ್ಲಿ ಲೀಡ್ಸ್ ಬಿಟ್ಟುಕೊಟ್ಟ ಗೋಲು 20. ಲಿವರ್‌ಪೂಲ್ ಒಂದೇ ಆರು ಹೊಡೆಯಿತು. ತಿಂಗಳು ಮುಗಿಯುವ ಮೊದಲೇ ಬಿಯೆಲ್ಸಾ ಕೆಲಸ ಕಳೆದುಕೊಂಡರು. ಲೀಡ್ಸ್ ಜನರು ಅವರಿಗಾಗಿ ಅತ್ತರು. ಅದು ಸರಿಯಾದ ದುಃಖ ಅಂತಲೇ ನನಗೆ ಅನಿಸುತ್ತದೆ. ಅವರನ್ನು ಮೇಲೆತ್ತಿದ ಹಟವೇ ಬೇರೆ, ಕೆಡವಿದ ಹಟವೇ ಬೇರೆ ಅಂತ ಇರಲಿಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ ಅಂತ ಹೇಗೆ ಹೇಳುವುದು?

ಪೋರ್ಚುಗಲ್‌ನ ಮ್ಯಾನೇಜರ್ ಜೋಸೆ ಮೌರಿನ್ಯೊ ಅವರದು ಬೇರೆ ಬಗೆ. ಲಂಡನ್ನಿನ ಚೆಲ್ಸಿಯಲ್ಲಿ ಅವರ ಮೊದಲ ತಂಡ 2004-05ರ ಲೀಗ್‌ನ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 15 ಗೋಲು. ಅವರ ಶಕ್ತಿ ಇದ್ದದ್ದು ಆಟಗಾರರ ತಲೆಯೊಳಗೆ ಕೂರುವುದರಲ್ಲಿ. ‘ನಾವು ಒಂದು ಕಡೆ, ಲೋಕವೆಲ್ಲ ಇನ್ನೊಂದು ಕಡೆ’ ಎಂಬ ಭಾವನೆ ಹುಟ್ಟಿಸಿ ಹುಡುಗರನ್ನು ಒಂದೇ ಮುಷ್ಟಿಯ ಹಾಗೆ ಕಟ್ಟುತ್ತಿದ್ದರು. ಆದರೆ ಜಗಳದ ಮೇಲೆ ಕಟ್ಟಿದ ಮನೆಗೆ ದಿನಾ ಜಗಳ ಬೇಕು. ಹೊರಗೆ ಸಾಲದಿದ್ದರೆ ಒಳಗೇ ಶುರುವಾಗುತ್ತದೆ. ನಡುವೆ ಚೆಲ್ಸಿ ಬಿಟ್ಟುಹೋಗಿದ್ದ ಅವರು ಮರಳಿ ಬಂದ ಮೇಲೆ, 2015ರ ಮೇ ತಿಂಗಳಲ್ಲಿ, ತಂಡ ಮತ್ತೆ ಚಾಂಪಿಯನ್ ಆಯಿತು. ಆಗಸ್ಟ್‌ನಲ್ಲಿ, ಹೊಸ ಸೀಸನ್‌ನ ಮೊದಲ ಲೀಗ್ ಪಂದ್ಯದಲ್ಲೇ, ಬಿದ್ದ ಆಟಗಾರನನ್ನು ನೋಡಲು ಓಡಿದ ತಂಡದ ವೈದ್ಯರ ಮೇಲೆಯೇ ಅವರು ಸಿಟ್ಟಾದರು. ಡಿಸೆಂಬರ್ ಹೊತ್ತಿಗೆ 16 ಪಂದ್ಯಗಳಲ್ಲಿ 9 ಸೋಲು, 16ನೇ ಸ್ಥಾನ. ಅಲ್ಲಿಗೆ ಮುಗಿಯಿತು.

ನಮಗೆ ಹತ್ತಿರದ ತಂಡ ಬೆಂಗಳೂರು ಎಫ್‌ಸಿ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯವರೇ ಅದರ ಮಾಲೀಕರು, ಹಾಗಾಗಿ ಈ ಕಡೆ ಅದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. 2019ರ ಮಾರ್ಚ್‌ನಲ್ಲಿ ಅದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದದ್ದು ನೆನಪಿರಬಹುದು. ಗೋವಾ ಎದುರು ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋದ ಫೈನಲ್, ಕೊನೆಗೆ ಒಂದು ಕಾರ್ನರ್, ರಾಹುಲ್ ಭೇಕೆ ಅವರ ಹೆಡರ್. ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಕಾರ್ನರ್, ಫ್ರೀಕಿಕ್‌ಗಳ ಮೇಲೆ ಅಷ್ಟು ಶ್ರಮ ಹಾಕುತ್ತಿದ್ದರು. ಮುಂದಿನ ಸೀಸನ್‌ಗೆ ಸ್ಟ್ರೈಕರ್ ಮಿಕು ಇರಲಿಲ್ಲ. ಚೆಂಡು ಓಡಾಡುವಾಗ ಗೋಲು ಹುಟ್ಟುವುದು ಕಡಿಮೆಯಾಯಿತು. ಕಾರ್ನರ್ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿ. ಸಾಲಾಗಿ ಮೂರು ಸೋಲು ಬಂದವು, 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೊರಟರು. ಕೈಗೆ ಚೆನ್ನಾಗಿ ಪಳಗಿದ ಒಂದು ಕೆಲಸ ಇದ್ದರೆ ಬೇರೆ ಕೆಲಸ ಕಲಿಯುವ ಅವಸರವೇ ಹುಟ್ಟುವುದಿಲ್ಲ ಅಂತ ನನಗೆ ಆಗ ಅನಿಸಿತ್ತು.

ಇನ್ನು ಆವೇಶ. 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ನಡೆದಾಗ ಭಾರತದ ಕೋಚ್ ಇಗೊರ್ ಸ್ಟಿಮಾಚ್ ಪಾಕಿಸ್ತಾನದ ಥ್ರೋ-ಇನ್‌ಗೆ ಅಡ್ಡ ಬಂದು ರೆಡ್ ಕಾರ್ಡ್ ತಿಂದರು. ಕುವೈತ್ ಎದುರು ಮತ್ತೊಂದು. ಆಟಗಾರರ ಪರ ನಿಲ್ಲುವ ಆ ಬಿಸಿ ಹುಡುಗರಿಗೆ ಇಷ್ಟವೇ. ಆದರೆ ಅವರ ಮೇಲೆ ನಿಷೇಧ ಇದ್ದುದರಿಂದ ಫೈನಲ್ ದಿನ ಮೈದಾನದ ಅಂಚಿನಲ್ಲಿ ನಿಂತದ್ದು ಸಹಾಯಕ ಕೋಚ್ ಮಹೇಶ್ ಗಾವ್ಳಿ.

‘ಹಾಗಾದರೆ ಎಲ್ಲರಿಗೂ ಇದೇ ಗತಿನಾ?’ ಅಂತ ನೀವು ಕೇಳಬಹುದು. ಅಲೆಕ್ಸ್ ಫರ್ಗುಸನ್ 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಇದ್ದು 13 ಲೀಗ್ ಗೆದ್ದರು. ಅವರ ಸಿಟ್ಟು, ಹಟ ಕಡಿಮೆಯಾಗಲಿಲ್ಲ. ಆದರೆ ತರಬೇತಿಯನ್ನು ಸಹಾಯಕರ ಕೈಗೆ ಬಿಟ್ಟರು, ಆ ಸಹಾಯಕರು ಕಾಲಕಾಲಕ್ಕೆ ಬದಲಾದರು. ಬ್ರಯಾನ್ ಕಿಡ್, ಸ್ಟೀವ್ ಮೆಕ್ಲಾರೆನ್, ಕಾರ್ಲೋಸ್ ಕೆರೋಸ್. ಪ್ರತಿ ಸಲವೂ ಹೊಸ ಕಣ್ಣು. ತನ್ನ ಗುಣವನ್ನು ತಾನೇ ತಿದ್ದಿಕೊಳ್ಳುವುದು ಮನುಷ್ಯನಿಗೆ ಕಷ್ಟ. ಪಕ್ಕದಲ್ಲಿ ‘ಇವತ್ತು ಬೇಡ’ ಅನ್ನುವವನನ್ನು ಇಟ್ಟುಕೊಳ್ಳುವುದು ಅಷ್ಟು ಕಷ್ಟವಲ್ಲ.

ಇದನ್ನು ನಾನು ನಮ್ಮೂರಿನ ಮೈದಾನದಲ್ಲೇ ನೋಡಿದ್ದೇನೆ. ಹುಡುಗರಿಗೆ ಉಚಿತವಾಗಿ ಕಲಿಸುವ ಒಬ್ಬ ಕೋಚ್ ಇದ್ದಾರೆ. ಚೆಂಡು ಕಳೆದುಕೊಂಡ ಕೂಡಲೇ ಮೂವರು ಮೈಮೇಲೆ ಬೀಳಬೇಕು ಎನ್ನುವುದು ಅವರ ಪಾಠ. ಡಿಸೆಂಬರ್‌ನಲ್ಲಿ ಅವರ ಹುಡುಗರನ್ನು ಯಾರೂ ತಡೆಯಲಾಗಲಿಲ್ಲ. ಮೇ ತಿಂಗಳಲ್ಲಿ ಅದೇ ಹುಡುಗರು, ಸಂಜೆ ಐದಕ್ಕೂ ಕಾದ ಹಂಚಿನಂಥ ನೆಲ. ಇಪ್ಪತ್ತು ನಿಮಿಷಕ್ಕೆ ಮೊಣಕಾಲು ಹಿಡಿದು ಬಗ್ಗಿದರು, ಅರ್ಧ ಆಟಕ್ಕೆ ಮೂರು ಗೋಲು ಬಿದ್ದಿತ್ತು. ನೀರಿನ ಕ್ಯಾನ್ ಹತ್ತಿರ ಗೋಲ್‌ಕೀಪರ್ ಹುಡುಗ ಮೆಲ್ಲಗೆ, ‘ಸರ್, ಸ್ವಲ್ಪ ಹಿಂದೆ ನಿಂತು ಆಡೋಣ್ರೀ’ ಅಂದ. ಕೋಚ್ ಅವನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಟೋಪಿ ತೆಗೆದು ಹಣೆ ಒರೆಸಿಕೊಂಡು, ‘ಆಯ್ತಪ್ಪ, ನಿನಗೆ ಅಲ್ಲಿಂದ ಎಲ್ಲಾ ಕಾಣ್ತದ. ಎಲ್ಲಿ ನಿಲ್ಲಬೇಕು ಅಂತ ನೀನೇ ಕೂಗಿ ಹೇಳು’ ಅಂದರು.

ಎರಡನೇ ಅರ್ಧದಲ್ಲಿ ಒಂದೂ ಗೋಲು ಬೀಳಲಿಲ್ಲ. ಪಂದ್ಯ 3-0ಕ್ಕೇ ಸೋತರು. ಆದರೆ ಆ ಹುಡುಗನ ದನಿ ಕೊನೆಯ ಸೀಟಿಯವರೆಗೂ ಕೇಳಿಸುತ್ತಲೇ ಇತ್ತು.