ಡಿಸ್ಕ್ ಎಳೆಯುವ ಮುಂಚೆ ದೀಪ ಹಚ್ಚಿ

ವಸಂತನರಸಾಪುರದ ಒಂದು ಫ್ಯಾಕ್ಟರಿ. ಸರ್ವರ್‌ನಲ್ಲಿ ಎಂಟು ಡಿಸ್ಕ್, ಎಲ್ಲವನ್ನೂ ಒಂದಾಗಿ ಜೋಡಿಸುವ ರೈಡ್ 5 ವ್ಯವಸ್ಥೆ, ಅದರಲ್ಲಿ ಒಂದು ಡಿಸ್ಕ್ ಕೆಟ್ಟಿತ್ತು. ನಾನು ತುಮಕೂರಿನ ಮನೆಯಲ್ಲಿ ಕೂತು ಫೋನಿನಲ್ಲಿ "ಸ್ಲಾಟ್ ಮೂರು ಎಳಿಯಪ್ಪ" ಅಂದೆ. ಹುಡುಗ ಎಡಗಡೆಯಿಂದ ಒಂದು, ಎರಡು, ಮೂರು ಅಂತ ಎಣಿಸಿ ಎಳೆದ. ಆ ಮೆಷಿನ್ ಎಣಿಸುವುದು ಸೊನ್ನೆಯಿಂದ! ಈಚೆ ಬಂದದ್ದು ಚೆನ್ನಾಗಿದ್ದ ಡಿಸ್ಕ್. ರೈಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ, ಎರಡು ಹೋದರೆ ಮುಗಿಯಿತು. ಬ್ಯಾಕಪ್ ಇದ್ದದ್ದಕ್ಕೆ ಬಚಾವಾದೆವು. ತಪ್ಪು ಹುಡುಗನದಲ್ಲ, ನನ್ನದೇ.

ಆವತ್ತಿನಿಂದ ನಾನು ಸ್ಲಾಟ್ ನಂಬರ್ ಹೇಳುವುದಿಲ್ಲ, ಮನೆಯಿಂದಲೇ ಕಮಾಂಡ್ ಕೊಟ್ಟು ಮೆಷಿನ್ ಮೇಲಿನ ಗುರುತಿನ ದೀಪ ಹಚ್ಚುತ್ತೇನೆ.

ಮೊದಲು ಯಾವ ಸರ್ವರ್ ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ದೂರದಿಂದ ಸರ್ವರ್ ನೋಡಿಕೊಳ್ಳುವ ಐಪಿಎಂಐಟೂಲ್ ಅನ್ನುವ ಪ್ರೋಗ್ರಾಂ ಇದೆ. 'ಚಾಸಿಸ್ ಐಡೆಂಟಿಫೈ' ಅಂತ ಕೊಟ್ಟರೆ ದೀಪ, ಹೆಚ್ಚಾಗಿ ನೀಲಿ, 15 ಸೆಕೆಂಡ್ ಮಿನುಗುತ್ತದೆ. ಅಷ್ಟರಲ್ಲಿ ಸರ್ವರ್‌ಗಳನ್ನು ಜೋಡಿಸಿಟ್ಟ ರ‍್ಯಾಕ್ ಹಿಂದುಗಡೆಗೆ ಹೋಗುವುದಕ್ಕೂ ಆಗುವುದಿಲ್ಲ, ಹಾಗಾಗಿ ಕೊನೆಯಲ್ಲಿ 'ಫೋರ್ಸ್' ಸೇರಿಸಿ, ಆರಿಸುವ ತನಕ ಉರಿಯುತ್ತಿರುತ್ತದೆ. ಆರಿಸಲು ಅದೇ ಜಾಗದಲ್ಲಿ ಸೊನ್ನೆ. ಸರ್ವರ್ ಆಫ್ ಆಗಿದ್ದರೂ ವೈರ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಏಕೆಂದರೆ ಈ ಕೆಲಸ ಮಾಡುವುದು ಬಿಎಂಸಿ ಅನ್ನುವ ಬೇರೆಯೇ ಪುಟ್ಟ ಚಿಪ್.

ಡಿಸ್ಕ್‌ನ ದೀಪ ಹಚ್ಚಲು ಲಿನಕ್ಸ್‌ನಲ್ಲಿ ಲೆಡ್‌ಸಿಟಿಎಲ್ ಅನ್ನುವ ಕಮಾಂಡ್ ಇದೆ. 'ಲೊಕೇಟ್' ಅಂತ ಬರೆದು ಡಿಸ್ಕ್ ಹೆಸರು ಕೊಡಿ, ಆರಿಸಲು 'ಲೊಕೇಟ್ ಆಫ್'. ಡಿಸ್ಕ್ ಪೂರ್ತಿ ಸತ್ತಿದ್ದರೆ ಸಿಸ್ಟಂನಲ್ಲಿ ಅದರ ಹೆಸರೇ ಇರುವುದಿಲ್ಲ, ದೀಪ ಹಚ್ಚುವುದು ಯಾವುದಕ್ಕೆ? ಆಗ ಉಲ್ಟಾ ಮಾಡಿ. ಬದುಕಿರುವ ಏಳಕ್ಕೂ ಹಚ್ಚಿ, ಕತ್ತಲಲ್ಲಿ ಉಳಿದದ್ದೇ ಕೆಟ್ಟದ್ದು. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಈ ದೀಪವೇ ಇರುವುದಿಲ್ಲ. ಅಲ್ಲಿ ಒಂದೊಂದೇ ಒಳ್ಳೆ ಡಿಸ್ಕ್ ಅನ್ನು 'ಡಿಡಿ' ಅನ್ನುವ ಕಾಪಿ ಮಾಡುವ ಕಮಾಂಡ್‌ನಿಂದ ಸುಮ್ನೆ ಓದಿಸುತ್ತೇನೆ, ಆಕ್ಟಿವಿಟಿ ದೀಪ ಪಟಪಟ ಅನ್ನುತ್ತದೆ. ಓದಿಸುವುದು ಮಾತ್ರ, ಬರೆಸಬೇಡಿ ಮಾರಾಯ್ರೇ. ನೆಟ್‌ವರ್ಕ್ ಕೇಬಲ್ ಚುಚ್ಚುವ ಪೋರ್ಟ್ ಹುಡುಕಲು 'ಇಥ್‌ಟೂಲ್ ಮೈನಸ್ ಪಿ' ಕಮಾಂಡ್ ಸಾಕು, ಅದರ ದೀಪ ಮಿನುಗುತ್ತದೆ.

ದೀಪ ಕಂಡ ಮೇಲೂ ಸೀರಿಯಲ್ ನಂಬರ್ ತಾಳೆ ನೋಡುತ್ತೇನೆ. ಮೊದಲೇ ಬರೆದಿಟ್ಟುಕೊಂಡರೆ ಡಿಸ್ಕ್ ಈಚೆ ಬಂದ ತಕ್ಷಣ ಸ್ಟಿಕ್ಕರ್ ಓದಿಸಬಹುದು. ಬೇರೆ ನಂಬರ್ ಬಂದರೆ ಅಲ್ಲೇ ಕೈ ನಿಲ್ಲಿಸಬೇಕು.

ಕೆಲಸ ಮುಗಿದ ಮೇಲೆ ಆರಿಸುವುದನ್ನು ಮರೆಯಬೇಡಿ. ನಾನು ಒಂದು ಸಲ 'ಫೋರ್ಸ್' ಕೊಟ್ಟು ಮರೆತಿದ್ದೆ. ವಾರ ಕಳೆದು ಬೇರೆ ಸರ್ವರ್‌ಗೆ ದೀಪ ಹಚ್ಚಿದಾಗ ಅದೇ ಹುಡುಗ ಫೋನ್ ಮಾಡಿದ: "ಸಾರ್, ನೀಲಿ ಲೈಟು ಎರಡು ಕಡೆ ಉರೀತಿದೆ, ಯಾವುದು ಸಾರ್?"