ಕನ್ನಡದ ‘ಜ’, ತೆಲುಗಿನ ‘ಜ’ ಮತ್ತು ಇಂಟರ್ನೆಟ್ಟಿನ ಯಜಮಾನಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನವರಿಗೆ ಎರಡು ಲಿಪಿ ಹೊಸದೇನಲ್ಲ. ಗಡಿ ದಾಟಿದರೆ ರಾಯದುರ್ಗ, ಅಲ್ಲಿ ಬೋರ್ಡುಗಳೆಲ್ಲ ತೆಲುಗು. ತೆಲುಗು ಕಲಿಯದವರೂ ಅ, ಇ, ಜ, ಲ ಓದಿಬಿಡುತ್ತಾರೆ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ: ಲಿಪಿಗಳ ಒಂದೊಂದು ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ‘ಜ’ 3228ನೇ ಸಂಖ್ಯೆ, ತೆಲುಗಿನದು 3100. ಹಾಗಾಗಿ ‘ಜಲ’ ಎಂಬ ವೆಬ್ ವಿಳಾಸವನ್ನು ಒಬ್ಬರು ಕನ್ನಡದಲ್ಲಿ ಪಡೆದರೆ, ಇನ್ನೊಬ್ಬರು ತೆಲುಗಿನಲ್ಲಿ ಪಡೆದು ಅವರ ಗಿರಾಕಿಗಳನ್ನು ದಾರಿ ತಪ್ಪಿಸಬಹುದು. ಆ ನಕಲಿ ತಾಣದಲ್ಲಿ ರೇಷ್ಮೆ ಸೀರೆಗೆ ದುಡ್ಡು ಕಟ್ಟಿದವರಿಗೆ ಮೋಸ ಗೊತ್ತಾಗುವುದು ಸೀರೆ ಬಾರದಿದ್ದಾಗಲೇ.

ಇಂಥದ್ದಕ್ಕೆ ಕಟ್ಟಳೆ ಹಾಕುವವರು ಯಾರು? ವೆಬ್ ಹೆಸರುಗಳ ಮೇಲುಸ್ತುವಾರಿ ಕ್ಯಾಲಿಫೋರ್ನಿಯಾದ ಐಕ್ಯಾನ್ ಸಂಸ್ಥೆಯದು. 1998ರಲ್ಲಿ ಹುಟ್ಟಿದ ಇದು 2016ರವರೆಗೂ ಅಮೆರಿಕ ಸರ್ಕಾರದ ಗುತ್ತಿಗೆಗೆ ಒಳಪಟ್ಟಿತ್ತು. ಉಳಿದ ಸರ್ಕಾರಗಳಿಗೆ ಅಲ್ಲಿರುವುದು ಸಲಹಾ ಸಮಿತಿಯ ಕುರ್ಚಿ. ಆ ಕುರ್ಚಿಯ ತೂಕ ಎಷ್ಟು ಎಂಬುದನ್ನು ಬ್ರೆಜಿಲ್, ಪೆರು ನೋಡಿವೆ. ತಮ್ಮ ನದಿಯ ಹೆಸರಿನ ‘ಡಾಟ್ ಅಮೆಜಾನ್’ ಎಂಬ ವೆಬ್ ಹೆಸರು ಅಮೆಜಾನ್ ಕಂಪನಿಗೆ ಹೋಗಕೂಡದೆಂದು ಪಟ್ಟು ಹಿಡಿದವು. 2014ರಲ್ಲಿ ಐಕ್ಯಾನ್ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು ಕೂಡ. ಕಂಪನಿ ಮೇಲ್ಮನವಿ ಹೋಯಿತು, 2019ರಲ್ಲಿ ಐಕ್ಯಾನ್ ಅದಕ್ಕೇ ಒಪ್ಪಿಗೆ ಕೊಟ್ಟಿತು.

ಹಾಗಾದರೆ ಒಂದು ದೇಶಕ್ಕೆ ಒಂದು ಮತವಿರುವ ವಿಶ್ವಸಂಸ್ಥೆಯ ದಾರಿ? ಅದರ 2012ರ ದುಬೈ ದೂರಸಂಪರ್ಕ ಸಮ್ಮೇಳನದಲ್ಲಿ 89 ದೇಶಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಿದವು, ಬಹುಪಾಲು ಅಭಿವೃದ್ಧಿಶೀಲ ದೇಶಗಳೇ. ಅಮೆರಿಕ ಹಾಕಲಿಲ್ಲ. ಭಾರತವೂ ಅಲ್ಲೇ ಸಹಿ ಹಾಕದೆ ಬಂತು. ಸಂಖ್ಯೆ ಇದ್ದರೂ ಯಜಮಾನಿಕೆ ಕದಲಲಿಲ್ಲ.

‘ಜ’ದ ತಕರಾರು ಒಂದು ಮಟ್ಟಿಗೆ ಬಗೆಹರಿದದ್ದು ಸದ್ದುಗದ್ದಲವಿಲ್ಲದ ಕಡೆ. ಬ್ರಾಹ್ಮಿಯಿಂದ ಬಂದ ಒಂಬತ್ತು ಲಿಪಿಗಳಿಗಾಗಿ ಭಾಷಾತಜ್ಞರು, ತಂತ್ರಜ್ಞರು ಸ್ವಯಂಸೇವಕರಾಗಿ ಕೂತು ಅಕ್ಷರಕ್ಕೆ ಅಕ್ಷರ ಹೋಲಿಸಿದರು: ಒತ್ತಕ್ಷರ ಎಲ್ಲಿ ಬರಬಹುದು, ಅನುಸ್ವಾರ ಯಾವುದರ ನಂತರ, ಯಾವುದು ಯಾವುದನ್ನು ಹೋಲುತ್ತದೆ. 2019ರಲ್ಲಿ ಕನ್ನಡ, ತೆಲುಗು ಎರಡರ ನಿಯಮಗಳೂ ಐಕ್ಯಾನ್ ಸಂಸ್ಥೆಯ ಜಾಗತಿಕ ಪಟ್ಟಿ ಸೇರಿದವು. ಈಗ ವಿಳಾಸದ ಕೊನೆಯ ಚುಕ್ಕಿಯ ನಂತರದ (‘ಡಾಟ್ ಕಾಮ್’ನಲ್ಲಿ ‘ಕಾಮ್’ ಇರುವ ಜಾಗದ) ಹೆಸರನ್ನು ಒಂದು ಲಿಪಿಯಲ್ಲಿ ಕೊಟ್ಟರೆ, ಇನ್ನೊಂದರಲ್ಲಿ ಹಾಗೇ ಕಾಣುವ ಹೆಸರು ಯಾರಿಗೂ ಸಿಗದು. ಭಾಷಣಕ್ಕಿಂತ ಇಂಥ ಕೂಲಿಯಿಲ್ಲದ ಕೆಲಸದಲ್ಲೇ ನಮ್ಮ ಪ್ರಭಾವ ಹೆಚ್ಚು ಎಂದು ನನಗನ್ನಿಸುತ್ತದೆ. ಅಡ್ಡಿಯೂ ಇದೆ: ಕಡತಗಳೆಲ್ಲ ಇಂಗ್ಲಿಷ್, ಬಿಡುವಿದ್ದವರಷ್ಟೇ ಕೂರಬಲ್ಲರು.

ಇನ್ನು ‘ಡಾಟ್ ಭಾರತ’ ಕನ್ನಡ ಲಿಪಿಯಲ್ಲೇ ಇದೆ. ಆದರೆ ಕನ್ನಡದ ಇಮೇಲ್ ವಿಳಾಸ ತುಂಬಿದರೆ ಎಷ್ಟೋ ಆನ್‌ಲೈನ್ ಅರ್ಜಿಗಳು ಇಂದಿಗೂ ಕೆಂಪಕ್ಷರದಲ್ಲಿ ‘ತಪ್ಪು’ ಎನ್ನುತ್ತವೆ. ಅದನ್ನು ಸರಿಪಡಿಸಲು ಕ್ಯಾಲಿಫೋರ್ನಿಯಾದ ಅಪ್ಪಣೆ ಬೇಕಿಲ್ಲ.